ಫಲಕದ ಹೆಸರು, ಹಾಜರಿಯ ಹೆಸರು

೧

ಕುಂದಗೋಳ ತಾಲೂಕಿನ ಯರಗುಪ್ಪಿಯಂಥ ಊರುಗಳಿಂದ ಮುಂಜಾನೆ ಎದ್ದು ಹುಬ್ಬಳ್ಳಿ-ಧಾರವಾಡಕ್ಕೆ ದುಡಿಯಲು ಹೋಗುವ ಜನ ಇದ್ದಾರೆ. ಹೊಲದಲ್ಲಿ ಕೆಲಸ ಇಲ್ಲದ ದಿನಗಳಲ್ಲಿ ಇವರ ಸಂಖ್ಯೆ ಹೆಚ್ಚು. ಇವರಲ್ಲಿ ಗೌಂಡಿಗಳಿದ್ದಾರೆ, ಗೌಂಡಿಯ ಕೈಕೆಳಗೆ ಕಲ್ಲು-ಮಣ್ಣು ಹೊರುವವರಿದ್ದಾರೆ, ಕಸ ಹೊಡೆಯುವ ಹೆಣ್ಣುಮಕ್ಕಳಿದ್ದಾರೆ. ಪಟ್ಟಣದಲ್ಲಿ ಒಂದು ಹಳೇ ಕಟ್ಟಡವನ್ನು ‘ಸಂರಕ್ಷಿಸುವ’ ಕೆಲಸ ಹಿಡಿದರೆ ಇಂಥವರೇ ಬೇಕು. ಕೆಲಸ ಮುಗಿದ ಮೇಲೆ ಅಲ್ಲೊಂದು ಫಲಕ ಏಳುತ್ತದೆ. ಅದರ ಮೇಲೆ ಅಧ್ಯಕ್ಷರ ಹೆಸರು, ಗೌರವ ಕಾರ್ಯದರ್ಶಿಗಳ ಹೆಸರು, ದಾನಿಗಳ ಹೆಸರು, ಪರದೆ ಸರಿಸಿದ ಮಂತ್ರಿಗಳ ಹೆಸರು. ಇನ್ನೊಂದು ಪಟ್ಟಿಯೂ ಇರುತ್ತದೆ. ಅದು ಗುತ್ತಿಗೆದಾರನ ಬಗಲಚೀಲದಲ್ಲಿರುವ ಹಾಜರಿ ಪುಸ್ತಕ. ಅದರಲ್ಲಿ ಬರೀ ಹೆಸರು, ಅದರ ಮುಂದೆ ಗೀಟು, ಕೊನೆಗೆ ಒಂದು ಹೆಬ್ಬೆಟ್ಟು. ಬಿಲ್ಲು ಪಾಸಾದ ಮೇಲೆ ಈ ಪುಸ್ತಕ ರದ್ದಿಗೆ ಹೋಗುತ್ತದೆ. ಫಲಕ ಉಳಿಯುತ್ತದೆ.

ದಲಿತ ವಿಮರ್ಶೆ ಕಥೆ, ಕಾದಂಬರಿ, ಕಾವ್ಯಗಳಲ್ಲಿ ಯಾರಿದ್ದಾರೆ, ಯಾರಿಲ್ಲ, ಇದ್ದವರನ್ನು ಯಾರ ಕಣ್ಣಿನಿಂದ ಕಾಣಿಸಲಾಗಿದೆ ಎಂದು ಕೇಳುತ್ತ ಬಂದಿದೆ. ಅದೇ ಪ್ರಶ್ನೆಯನ್ನು ಸಂಸ್ಥೆಗಳಿಗೂ ಕೇಳಬೇಕಾಗಿದೆ. ಕೃತಿಯನ್ನು ಓದಿದಷ್ಟೇ ಎಚ್ಚರದಿಂದ ಆಡಳಿತ ಮಂಡಳಿಯ ಪಟ್ಟಿಯನ್ನೂ ಹಾಜರಿ ಪುಸ್ತಕವನ್ನೂ ಓದಬೇಕಾಗಿದೆ. ಪರಂಪರೆಯನ್ನು ಉಳಿಸುತ್ತೇವೆ ಎನ್ನುವ ಸಂಸ್ಥೆಯಲ್ಲಿ ಮುಂದಾಳುತನ ಯಾರದು, ಪಗಾರ ಯಾರಿಗೆ, ಕೂಲಿ ಯಾರಿಗೆ ಎಂಬುದರ ಮೇಲೆಯೇ ‘ಯಾವುದು ಪರಂಪರೆ’ ಎಂಬುದೂ ತೀರ್ಮಾನವಾಗುತ್ತದೆ. ಈ ಲೇಖನದ ವಾದ ಇಷ್ಟೇ. ಅದನ್ನು ಬಿಡಿಸಿ ನೋಡೋಣ.

೨

ಇಂಥ ಸಂಸ್ಥೆಗಳಿಗೆ ನಮ್ಮಲ್ಲಿ ಸ್ಥೂಲವಾಗಿ ಮೂರು ರೂಪಗಳಿವೆ. ಮೂರಕ್ಕೂ ಬಾಗಿಲು ಬೇರೆ ಬೇರೆ.

ಮೊದಲನೆಯದು ನೋಂದಾಯಿತ ಸಂಘ. ದೇಶದಲ್ಲಿ ಇದರ ದೊಡ್ಡ ಉದಾಹರಣೆ ೧೯೮೪ರಲ್ಲಿ ದೆಹಲಿಯಲ್ಲಿ ಹುಟ್ಟಿದ ಇಂಡಿಯನ್ ನ್ಯಾಷನಲ್ ಟ್ರಸ್ಟ್ ಫಾರ್ ಆರ್ಟ್ ಅಂಡ್ ಕಲ್ಚರಲ್ ಹೆರಿಟೇಜ್, ಅಂದರೆ ಇಂಟ್ಯಾಕ್. ಹೆಸರಿನಲ್ಲಿ ‘ಟ್ರಸ್ಟ್’ ಎಂದಿದ್ದರೂ ಅದು ನೋಂದಣಿಯಾದದ್ದು ೧೮೬೦ರ ಸಂಘಗಳ ನೋಂದಣಿ ಕಾಯ್ದೆಯಡಿ. ದೆಹಲಿಯಲ್ಲಿ ಅಧ್ಯಕ್ಷರು ಮತ್ತು ಆಡಳಿತ ಮಂಡಳಿ, ಊರೂರಿನಲ್ಲಿ ಶಾಖೆಗಳು. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಇಂಥ ಶಾಖೆಗಳಿವೆ. ಪ್ರತಿ ಶಾಖೆಗೆ ಒಬ್ಬ ಸಂಚಾಲಕ ಅಥವಾ ಸಂಚಾಲಕಿ. ಶುಲ್ಕ ಕೊಟ್ಟು ಸದಸ್ಯರಾಗುವ ಅವಕಾಶ ಇದೆ. ಕಾಗದದ ಮೇಲೆ ಈ ಬಾಗಿಲು ತೆರೆದಿದೆ.

ಎರಡನೆಯದು ಟ್ರಸ್ಟ್. ಇಲ್ಲಿ ಸದಸ್ಯರಿಲ್ಲ, ವಿಶ್ವಸ್ತರಿದ್ದಾರೆ. ಒಬ್ಬ ವಿಶ್ವಸ್ತ ಹೋದರೆ ಮುಂದಿನವರು ಯಾರು ಎಂಬುದನ್ನು ಟ್ರಸ್ಟಿನ ಪತ್ರ ಹೇಳುತ್ತದೆ, ಸಾಮಾನ್ಯವಾಗಿ ಉಳಿದ ವಿಶ್ವಸ್ತರೇ ಆರಿಸುತ್ತಾರೆ. ಚುನಾವಣೆ ಇಲ್ಲ. ಕರ್ನಾಟಕದಲ್ಲಿ ಹಳೇ ಗುಡಿಗಳ ಜೀರ್ಣೋದ್ಧಾರದಲ್ಲಿ ಬಹು ದೊಡ್ಡ ಕೆಲಸ ಮಾಡಿರುವುದು ೧೯೯೧ರಲ್ಲಿ ಸ್ಥಾಪನೆಯಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್. ಇನ್ನೂರಕ್ಕೂ ಹೆಚ್ಚು ಗುಡಿಗಳು ಈ ಟ್ರಸ್ಟಿನ ಮೂಲಕ ಎದ್ದು ನಿಂತಿವೆ. ಸರ್ಕಾರದ ಒಂದು ಪಾಲು, ಟ್ರಸ್ಟಿನ ಒಂದು ಪಾಲು, ಊರವರ ಒಂದು ಪಾಲು ಎಂಬುದು ಇದರ ಲೆಕ್ಕ. ಬೀಳುವ ಸ್ಥಿತಿಯಲ್ಲಿದ್ದ ಕಲ್ಲುಕಟ್ಟಡಗಳನ್ನು ಉಳಿಸಿದ ಈ ಕೆಲಸವನ್ನು ಸಣ್ಣದು ಎನ್ನಲಾಗದು. ಆದರೆ ‘ಊರವರ ಪಾಲು’ ಎನ್ನುವಾಗ ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆ? ಪಟ್ಟಿ ಎತ್ತಲು ಒಂದು ಸಮಿತಿ ಆಗುತ್ತದೆ. ಸಮಿತಿ ಕೂಡುವುದು ಗುಡಿಯ ಕಟ್ಟೆಯ ಮೇಲೆ. ಆ ಕಟ್ಟೆಯನ್ನು ಹತ್ತುವ ರೂಢಿ ಯಾರಿಗಿದೆಯೋ ಅವರೇ ಸಮಿತಿ. ಕೇರಿಯವರಿಂದ ಪಟ್ಟಿ ಕೇಳುತ್ತಾರೆ, ಇಲ್ಲಾ ಎರಡು ದಿನದ ಆಳು ಕೇಳುತ್ತಾರೆ. ಸಮಿತಿಯಲ್ಲಿ ಹೆಸರು ಕೇಳುವುದಿಲ್ಲ.

ಮೂರನೆಯದು ಸರ್ಕಾರ ಕಟ್ಟಿದ ಸ್ಮಾರಕ ಟ್ರಸ್ಟ್. ಧಾರವಾಡ ಇದಕ್ಕೆ ಹೆಸರಾದ ಊರು. ಸಾಧನಕೇರಿಯಲ್ಲಿ ಬೇಂದ್ರೆಯವರ ಹೆಸರಿನ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ಇದೆ. ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’ ಸ್ಮಾರಕವಾಗಿ ಉಳಿದಿದೆ, ಅವರ ಹೆಸರಿನಲ್ಲೂ ಟ್ರಸ್ಟ್ ಇದೆ. ಇಂಥ ಕಡೆ ಅಧ್ಯಕ್ಷರನ್ನೂ ಸದಸ್ಯರನ್ನೂ ಸರ್ಕಾರ ನಾಮಕರಣ ಮಾಡುತ್ತದೆ. ಇಲ್ಲಿ ಶಿಫಾರಸು ನಡೆಯುತ್ತದೆ, ಲಾಬಿ ನಡೆಯುತ್ತದೆ, ನಿಜ. ಆದರೆ ಸರ್ಕಾರವೇ ನೇಮಿಸುವುದರಿಂದ ‘ಈ ಪಟ್ಟಿಯಲ್ಲಿ ದಲಿತರು ಎಷ್ಟು, ಹೆಣ್ಣುಮಕ್ಕಳು ಎಷ್ಟು’ ಎಂದು ಬೀದಿಯಲ್ಲಿ ನಿಂತು ಕೇಳುವ ಹಕ್ಕು ನಮಗಿದೆ. ಮೊದಲ ಎರಡು ರೂಪಗಳಲ್ಲಿ ಈ ಪ್ರಶ್ನೆ ಕೇಳಿದರೆ ‘ಇದು ಖಾಸಗಿ ಸೇವಾ ಸಂಸ್ಥೆ ರೀ, ಇಲ್ಲಿ ಜಾತಿ ಯಾಕ ತರ್ತೀರಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

೩

ಜಾತಿಯನ್ನು ಒಳಗೆ ತಂದವರು ನಾವಲ್ಲ. ಅದು ಒಂದು ಮೆತ್ತನೆಯ ಶಬ್ದದ ಮೂಲಕ ಮೊದಲೇ ಒಳಗೆ ಬಂದಿದೆ. ಆ ಶಬ್ದ ‘ಗೌರವ’.

ಗೌರವ ಅಧ್ಯಕ್ಷ, ಗೌರವ ಕಾರ್ಯದರ್ಶಿ, ಗೌರವ ಸಂಚಾಲಕ. ಇಂಟ್ಯಾಕ್ ಶಾಖೆಯ ಸಂಚಾಲಕತ್ವವೂ ಗೌರವ ಹುದ್ದೆಯೇ. ಅಂದರೆ ಪಗಾರ ಇಲ್ಲ. ಕೇಳಲು ಇದು ತ್ಯಾಗದಂತೆ ಕಾಣುತ್ತದೆ, ಅನೇಕರು ನಿಜವಾಗಿಯೂ ತಮ್ಮ ದುಡ್ಡು, ದಿನ, ಆರೋಗ್ಯ ಸವೆಸಿದ್ದಾರೆ. ಆದರೆ ವ್ಯಕ್ತಿಗಳ ಒಳ್ಳೆಯತನದ ಪ್ರಶ್ನೆ ಇದಲ್ಲ. ಪಗಾರ ಇಲ್ಲದೆ ವರ್ಷಗಟ್ಟಲೆ ಕೆಲಸ ಮಾಡಬಲ್ಲವರು ಯಾರು? ಪಿಂಚಣಿ ಬರುವ ಪ್ರಾಧ್ಯಾಪಕರು, ನಿವೃತ್ತ ಅಧಿಕಾರಿಗಳು, ಸ್ವಂತ ಕಚೇರಿ ಇರುವ ವಾಸ್ತುಶಿಲ್ಪಿಗಳು, ಹಳೇ ವಾಡೆಗಳ ಮನೆತನದವರು. ಊರಲ್ಲಿ ಹೊಲ, ಪಟ್ಟಣದಲ್ಲಿ ಮನೆ, ಮಗ ಪರದೇಶದಲ್ಲಿ ಇದ್ದವರಿಗೆ ಗೌರವ ಹುದ್ದೆ ಸಲೀಸು. ಮೊದಲ ತಲೆಮಾರಿಗೆ ಓದಿ, ಬಂದ ಪಗಾರದಲ್ಲಿ ತಮ್ಮನ ಫೀಸು, ತಂಗಿಯ ಮದುವೆ, ಮನೆಯ ಸಾಲ ಎಲ್ಲವನ್ನೂ ನೋಡಬೇಕಾದ ಹುಡುಗನಿಗೆ ಈ ಗೌರವ ದುಬಾರಿ. ‘ಯಾರು ಬೇಕಾದರೂ ಬರಬಹುದು’ ಎಂಬ ತೆರೆದ ಬಾಗಿಲು ಹೀಗೆ ತಾನೇ ಮುಚ್ಚಿಕೊಳ್ಳುತ್ತದೆ. ಯಾರೂ ದೂಡಬೇಕಿಲ್ಲ.

ಮುಂದಾಳುಗಳ ಕೆಳಗಿನ ಮೆಟ್ಟಿಲು ತಜ್ಞರದು. ಸಂರಕ್ಷಣಾ ವಾಸ್ತುಶಿಲ್ಪಿ ಆಗಬೇಕೆಂದರೆ ಐದು ವರ್ಷದ ಪದವಿ, ಅದರ ಮೇಲೆ ಸ್ನಾತಕೋತ್ತರ ಪದವಿ. ಓದೆಲ್ಲ ಇಂಗ್ಲಿಷಿನಲ್ಲಿ, ಅವಕಾಶಗಳು ದೆಹಲಿಯಂಥ ಮಹಾನಗರಗಳಲ್ಲಿ. ಕೆಲಸಕ್ಕೆ ಸೇರುವ ಮೊದಲು ಪುಕ್ಕಟೆಯಾಗಿ ಇಲ್ಲವೆ ಕೈಖರ್ಚಿಗಷ್ಟೇ ದುಡಿದು ‘ಅನುಭವ’ ಗಳಿಸಬೇಕು. ಪುಕ್ಕಟೆ ದುಡಿಯುವುದು ನಮ್ಮವರಿಗೆ ಹೊಸದಲ್ಲ. ಅದನ್ನು ನಮ್ಮಲ್ಲಿ ಬಿಟ್ಟಿ ಎನ್ನುತ್ತಿದ್ದರು. ವ್ಯತ್ಯಾಸ ಒಂದೇ: ಬಿಟ್ಟಿ ಮಾಡಿದವನಿಗೆ ಕೊನೆಗೆ ಪ್ರಮಾಣಪತ್ರ ಸಿಗುತ್ತಿರಲಿಲ್ಲ.

ತಜ್ಞರ ಕೆಳಗೆ ಯೋಜನೆ ಇರುವಷ್ಟು ದಿನ ಇರುವ ಸಹಾಯಕರು, ಲೆಕ್ಕ ಬರೆಯುವವರು. ಅವರ ಕೆಳಗೆ ಗುತ್ತಿಗೆದಾರ. ಗುತ್ತಿಗೆದಾರನ ಕೆಳಗೆ ಕಲ್ಲು ಒಡೆಯುವ ಭೋವಿ-ವಡ್ಡರು, ಗಚ್ಚು ಅರೆಯುವವರು, ಗಿಲಾವು ಮಾಡುವ ಗೌಂಡಿಗಳು, ಬುಟ್ಟಿ ಹೊರುವ ಹೆಣ್ಣುಮಕ್ಕಳು. ಎಲ್ಲರಿಗಿಂತ ಕೆಳಗೆ ರಾತ್ರಿ ಕಾವಲಿನವನು ಮತ್ತು ಕಸ ಹೊಡೆಯುವವಳು. ಮೇಲಿನವರಿಗೆ ಪಗಾರ ಬೇಡ, ಗೌರವ ಸಾಕು. ಕೆಳಗಿನವರಿಗೆ ಕೂಲಿ ಉಂಟು, ಗೌರವ ಇಲ್ಲ.

ಇಂಟ್ಯಾಕ್ ೨೦೦೪ರಲ್ಲಿ ಅಂಗೀಕರಿಸಿದ ಸಂರಕ್ಷಣಾ ಸನ್ನದಿನಲ್ಲಿ ಪಾರಂಪರಿಕ ಕಟ್ಟಡ ಕಸುಬುದಾರರ ಜ್ಞಾನಕ್ಕೆ ಮಾನ್ಯತೆ ಕೊಟ್ಟಿದೆ. ಹಳೇ ಕಟ್ಟಡ ಉಳಿಯಬೇಕಾದರೆ ಕಟ್ಟುವ ಕೈಯ ವಿದ್ಯೆಯೂ ಉಳಿಯಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಒಳ್ಳೆಯ ಮಾತು. ಆದರೆ ಜ್ಞಾನ ಇದ್ದವನು ಎಂದು ಒಪ್ಪಿದ ಮೇಲೆ ಅವನ ಕುರ್ಚಿ ಎಲ್ಲಿ? ಗಚ್ಚಿನಲ್ಲಿ ಸುಣ್ಣ ಎಷ್ಟು, ಮರಳು ಎಷ್ಟು, ಎಷ್ಟು ದಿನ ಕೊಳೆಹಾಕಬೇಕು ಎಂದು ಹೇಳುವ ಗೌಂಡಿ ಸಲಹಾ ಸಮಿತಿಯ ಸಭೆಗೆ ಬಂದರೆ ಅವನಿಗೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ಇಂಥ ಸಣ್ಣ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ದೊಡ್ಡ ಸನ್ನದು ಕಪಾಟಿನಲ್ಲೇ ಉಳಿಯುತ್ತದೆ.

ಮೀಸಲಾತಿ ಈ ಮೆಟ್ಟಿಲುಗಳನ್ನು ಮುಟ್ಟುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸಂವಿಧಾನದ ೧೬(೪)ನೇ ವಿಧಿ ಪ್ರಭುತ್ವದ ನೌಕರಿಗಳಿಗೆ ಸಂಬಂಧಿಸಿದ್ದು. ಪುರಾತತ್ವ ಇಲಾಖೆಯ ಹುದ್ದೆಯಲ್ಲಿ ಮೀಸಲಾತಿ ಉಂಟು, ಖಾಸಗಿ ಸಂಘ-ಟ್ರಸ್ಟುಗಳ ಹುದ್ದೆಯಲ್ಲಿ ಅದು ತಾನಾಗಿ ಬರುವುದಿಲ್ಲ. ೨೦೧೭ರಲ್ಲಿ ಕೇಂದ್ರ ಸರ್ಕಾರ ಸ್ಮಾರಕಗಳನ್ನು ಖಾಸಗಿಯವರು ‘ದತ್ತು’ ಪಡೆಯುವ ಯೋಜನೆ ತಂದು, ೨೦೨೩ರಲ್ಲಿ ಅದನ್ನು ಪರಿಷ್ಕರಿಸಿತು. ದತ್ತು ಪಡೆದವರಿಗೆ ‘ಸ್ಮಾರಕ ಮಿತ್ರ’ ಎಂಬ ಬಿರುದು. ಪ್ರಭುತ್ವದ ಕೈಯಿಂದ ಕೆಲಸ ಜಾರಿದಷ್ಟೂ ಸಾಮಾಜಿಕ ನ್ಯಾಯದ ಕೈಯಿಂದಲೂ ಜಾರುತ್ತದೆ.

೪

ಈಗ ಇದರ ಪರಿಣಾಮ ನೋಡೋಣ. ಸಂರಕ್ಷಣಾ ಸಂಸ್ಥೆಯ ಮೊದಲ ಕೆಲಸ ಪಟ್ಟಿ ಮಾಡುವುದು. ಕಟ್ಟಡದ ಹೆಸರು, ಕಾಲ, ಮಾಲೀಕರು, ಶೈಲಿ, ಈಗಿನ ಸ್ಥಿತಿ, ಮಹತ್ವ, ಹೀಗೆ ಕಾಲಂಗಳು. ಕಟ್ಟಿಸಿದವರು ಎಂಬ ಕಡೆ ಅರಸನ ಹೆಸರು, ದೇಸಾಯಿಯ ಹೆಸರು ಬರುತ್ತದೆ. ಕಟ್ಟಿದವರ ಕಾಲಂ ಖಾಲಿ. ಹಾಗಂತ ಕನ್ನಡ ನಾಡಿನ ಕಲ್ಲುಗಳು ಪೂರ್ತಿ ಮೂಕವಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೆತ್ತಿದ್ದಾನೆ, ಅವನ ಮಗ ಚಾವಣನೂ ಕೆತ್ತಿದ್ದಾನೆ. ರೂವಾರಿಗೆ ಹೆಸರು ಉಳಿಯಿತು. ಆದರೆ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸಿದವನಿಗೆ, ಬಂಡಿಗೆ ಹೇರಿದವನಿಗೆ, ಅವನ ಕೂಸನ್ನು ಮರದ ಕೆಳಗೆ ಮಲಗಿಸಿ ತಾನೂ ಹೊತ್ತವಳಿಗೆ ಉಳಿಯಲಿಲ್ಲ. ಫಲಕ ಮತ್ತು ಹಾಜರಿ ಪುಸ್ತಕದ ಭೇದ ಇಂದಿನದಲ್ಲ.

ಕಾನೂನಿನಲ್ಲಿ ಇನ್ನೊಂದು ತೊಡಕಿದೆ. ಕೇಂದ್ರದ ೧೯೫೮ರ ಕಾಯ್ದೆಯಾಗಲಿ, ಕರ್ನಾಟಕದ ೧೯೬೧ರ ಕಾಯ್ದೆಯಾಗಲಿ ಪ್ರಾಚೀನ ಸ್ಮಾರಕ ಎನ್ನಲು ಕನಿಷ್ಠ ೧೦೦ ವರ್ಷ ಹಳೆಯದಾಗಿರಬೇಕು ಎನ್ನುತ್ತವೆ. ಮೇಲುನೋಟಕ್ಕೆ ಇದು ಎಲ್ಲರಿಗೂ ಒಂದೇ ಅಳತೆ. ಆದರೆ ನೂರು ವರ್ಷ ನಿಲ್ಲುವಂಥದ್ದನ್ನು ಕಟ್ಟಿಕೊಳ್ಳಲು ಯಾರಿಗೆ ಬಿಟ್ಟಿದ್ದರು? ಯರಗುಪ್ಪಿಯ ಸುತ್ತಿನ ಈ ಸೀಮೆ ಎರೆ ನೆಲ. ಕಪ್ಪು ಮಣ್ಣಿನ ಹೊಲ, ಮಣ್ಣಿನ ಗೋಡೆ, ಮೇಲ್ಮುದ್ದಿಯ ಮನೆ. ಇಂಥ ನೆಲದಲ್ಲಿ ಕಲ್ಲು ದೂರದಿಂದ ಬರಬೇಕು, ಬಂದ ಕಲ್ಲು ಗುಡಿಗೆ, ಅಗಸಿಗೆ, ವಾಡೆಗೆ ಹೋಗುತ್ತದೆ. ಕೇರಿಗೆ ಮಣ್ಣೇ ಗತಿ. ಮೇಲ್ಮುದ್ದಿ ಮನೆಗೆ ವರ್ಷಾ ಮಣ್ಣು ಹಾಕಿಸಬೇಕು, ಬಿಟ್ಟರೆ ಎರಡು ಮಳೆಗಾಲದಲ್ಲಿ ಕುಸಿಯುತ್ತದೆ. ಹೀಗೆ ಒಂದು ಜನದ ಚರಿತ್ರೆ ಕಲ್ಲಿನಲ್ಲಿ ನಿಂತಿತು, ಇನ್ನೊಂದು ಜನದ್ದು ಮಳೆಯಲ್ಲಿ ಕರಗಿತು. ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಕಾಯ್ದೆಯ ರಕ್ಷಣೆ ಇದೆ, ಇರಲೇಬೇಕು. ಆದರೆ ನೂರು ವರ್ಷದ ಅಳತೆಗೋಲು ಹಿಡಿದು ಕೇರಿಗೆ ಬಂದರೆ ಅಳೆಯಲು ಅಲ್ಲಿ ಏನೂ ಸಿಗುವುದಿಲ್ಲ. ‘ನಿಮ್ಮಲ್ಲಿ ಪರಂಪರೆ ಇಲ್ಲ’ ಎಂದು ಬರೆದುಕೊಂಡು ಹೋಗುವುದು ಆಗ ಬಹಳ ಸುಲಭ.

ಪಟ್ಟಿ ಮಾಡುವವರಲ್ಲಿ ಕೇರಿಯಿಂದ ಬಂದ ಒಬ್ಬರಾದರೂ ಇದ್ದರೆ ಕೇಳುವ ಪ್ರಶ್ನೆ ಬೇರೆಯಾಗುತ್ತದೆ. ನೀವು ನೀರು ತರುತ್ತಿದ್ದ ಬಾವಿ ಯಾವುದು? ಯಾವ ವರ್ಷ ಊರ ಬಾವಿಗೆ ಇಳಿದಿರಿ? ಹಗೇವಿನೊಳಗೆ ಇಳಿದು ಜೋಳ ತುಂಬಿಕೊಡುತ್ತಿದ್ದವರು ಯಾರು, ಉಸಿರುಗಟ್ಟಿ ಸತ್ತವರು ಯಾರು? ಮೊದಲ ಸಲ ಅಂಬೇಡ್ಕರ್ ಫೋಟೋ ಇಟ್ಟ ಗೋಡೆ ಯಾವುದು? ಇವಕ್ಕೆಲ್ಲ ಕಾಲಂ ಬೇಕು. ಕಾಲಂ ಹಾಕುವವರು ಬೇಕು.

೫

ಒಂದು ನಿಜದ ಪರೀಕ್ಷೆ ಧಾರವಾಡದಲ್ಲೇ ಇದೆ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಡಾ. ಅಂಬೇಡ್ಕರ್ ೧೯೨೮ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ಕಟ್ಟಿ, ದಲಿತ ಹುಡುಗರಿಗಾಗಿ ನಡೆಸಿದ ವಸತಿ ನಿಲಯಗಳಲ್ಲಿ ಧಾರವಾಡದ್ದೂ ಒಂದು. ಅದರ ಉಸ್ತುವಾರಿ ನೋಡಿದವರು ಬಲವಂತರಾವ್ ವರಾಳೆ. ರಮಾಬಾಯಿ ಕೆಲಕಾಲ ಧಾರವಾಡದಲ್ಲಿ ವರಾಳೆಯವರ ಮನೆಯಲ್ಲಿದ್ದಾಗ, ನಿಲಯದ ಮಕ್ಕಳಿಗೆ ಊಟಕ್ಕಿಲ್ಲದ್ದನ್ನು ಕಂಡು ತಮ್ಮ ಬಂಗಾರದ ಬಳೆ ಬಿಚ್ಚಿಕೊಟ್ಟರೆಂಬ ಕಥೆಯನ್ನು ನಮ್ಮ ಜನ ಇಂದಿಗೂ ಹೇಳುತ್ತಾರೆ. ಅದೇ ೧೯೨೮ರಲ್ಲಿ ಪ್ರಾಂತದ ದಲಿತ-ಆದಿವಾಸಿಗಳ ಸ್ಥಿತಿ ನೋಡಲು ಸರ್ಕಾರ ನೇಮಿಸಿದ ಸಮಿತಿಯಲ್ಲಿ ಅಂಬೇಡ್ಕರ್ ಸದಸ್ಯರು, ಸ್ಟಾರ್ಟೆ ಅಧ್ಯಕ್ಷರು. ಈ ಸ್ಟಾರ್ಟೆಯೇ ‘ಅಪರಾಧಿ ಬುಡಕಟ್ಟು’ಗಳ ವಸಾಹತುಗಳ ಅಧಿಕಾರಿಯಾಗಿದ್ದವರು. ಹುಬ್ಬಳ್ಳಿಯಲ್ಲಿ ಇಂಥದೊಂದು ವಸಾಹತು ಇತ್ತು. ಆ ಭಾಗವನ್ನು ಜನ ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ೧೮೭೧ರಲ್ಲಿ ಮೊದಲು ಬಂದ ಆ ಕಾಯ್ದೆ ದೇಶದಾದ್ಯಂತ ರದ್ದಾದದ್ದು ೧೯೫೨ರಲ್ಲಿ.

ಅವಳಿ ನಗರದ ಪಾರಂಪರಿಕ ಸ್ಥಳಗಳ ಪಟ್ಟಿಯನ್ನು ಯಾರೇ ಮಾಡಲಿ, ಈ ಎರಡು ಜಾಗಗಳನ್ನು ಬರೆದಿದ್ದಾರೆಯೇ ಎಂದು ಮೊದಲು ನೋಡಿರಿ. ನೂರು ವರ್ಷದ ಲೆಕ್ಕ ಹಿಡಿದರೂ ವಸತಿ ನಿಲಯದ ಕಾಲ ಹತ್ತಿರ ಬಂದಿದೆ. ಅದು ತುಂಬುವಾಗ ಉತ್ಸವ ಮಾಡುವವರು ಯಾರು, ಫಲಕದ ಮೇಲೆ ಯಾರ ಹೆಸರು ಎಂಬುದನ್ನು ನಾವು ಈಗಲೇ ಯೋಚಿಸಬೇಕು. ಇಲ್ಲದಿದ್ದರೆ ಅಲ್ಲಿ ಉಂಡು ಓದಿದವರ ಮೊಮ್ಮಕ್ಕಳು ಖುರ್ಚಿ ಹಾಕುವವರಾಗಿ, ಬೇರೆಯವರು ಕೂಡುವವರಾಗಿ ಆ ಸಮಾರಂಭವೂ ಮುಗಿದೀತು.

೬

ಇಲ್ಲಿ ಒಂದು ಎಚ್ಚರ ಬೇಕು. ದಲಿತರಿಗೆ ಸಂಬಂಧಿಸಿದ್ದನ್ನೆಲ್ಲ ಉಳಿಸಬೇಕು ಎಂಬುದು ನನ್ನ ಮಾತಲ್ಲ. ಹಳ್ಳಿಯನ್ನು ಹೊಗಳುವವರಿಗೆ ಅಂಬೇಡ್ಕರ್ ೧೯೪೮ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲೇ ಉತ್ತರ ಕೊಟ್ಟಿದ್ದಾರೆ. ಹಳ್ಳಿ ಅವರಿಗೆ ಅಜ್ಞಾನ ಮತ್ತು ಜಾತೀಯತೆಯ ಬೀಡಾಗಿ ಕಂಡಿತ್ತು. ಹಲಗೆ ಬಡಿಯುವುದಿಲ್ಲ, ಸತ್ತ ದನ ಎಳೆಯುವುದಿಲ್ಲ ಎಂದು ಚಳವಳಿಯ ಹುಡುಗರು ಊರೂರಲ್ಲಿ ನಿಂತು ಹೇಳಿ ಏಟು ತಿಂದಿದ್ದಾರೆ. ೧೯೮೬ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ ಹಲ್ಲೆಯಾಯಿತು. ಹಲ್ಲೆ ಮಾಡಿದವರ ಬಾಯಲ್ಲೂ ಪರಂಪರೆ ಎಂಬ ಮಾತೇ ಇತ್ತು.

ಆದ್ದರಿಂದ ಹಲಗೆಯನ್ನು ‘ಜಾನಪದ ಸಂಪತ್ತು’ ಎಂದು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೋ, ಹೊಸ ಹಾಡಿಗೆ ಹೊಸ ಗತ್ತಿನಿಂದ ಬಾರಿಸಬೇಕೋ, ಇಲ್ಲ ಸುಮ್ಮನೆ ಕೆಳಗಿಡಬೇಕೋ ಎಂದು ತೀರ್ಮಾನಿಸಬೇಕಾದವರು ಅದನ್ನು ಹೆಗಲಿಗೆ ಹಾಕಿಕೊಂಡವರು. ಉಳಿಸುವ ಹಕ್ಕು ಎಷ್ಟು ದೊಡ್ಡದೋ ಬಿಡುವ ಹಕ್ಕೂ ಅಷ್ಟೇ ದೊಡ್ಡದು. ಆಡಳಿತ ಮಂಡಳಿಯಲ್ಲಿ ಜಾಗ ಕೇಳುವುದು ಫಲಕದಲ್ಲಿ ಹೆಸರು ಬರಲಿ ಎಂದಲ್ಲ, ಈ ಎರಡೂ ಹಕ್ಕುಗಳು ನಮ್ಮ ಕೈಯಲ್ಲಿರಲಿ ಎಂದು.

೭

ಬೇರೆ ಕಡೆ ಇದು ಆಗಿದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವೀಕ್ಸ್‌ವ್ಹಿಲ್ ಎಂಬ ಓಣಿ ೧೮೩೮ರಲ್ಲಿ ಜೇಮ್ಸ್ ವೀಕ್ಸ್ ಎಂಬ ಕಪ್ಪುಜನಾಂಗದವನು ಜಾಗ ಕೊಂಡದ್ದರಿಂದ ಬೆಳೆದದ್ದು. ಕಾಲಾಂತರದಲ್ಲಿ ಮರೆತೇಹೋಗಿ, ೧೯೬೮ರಲ್ಲಿ ಅದರ ನಾಲ್ಕು ಮರದ ಮನೆಗಳು ಮತ್ತೆ ಗಮನಕ್ಕೆ ಬಂದವು. ಅವನ್ನು ಉಳಿಸಲು ಕಟ್ಟಿದ ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದವರು ಜೋನ್ ಮೇನಾರ್ಡ್ ಎಂಬ ಕಪ್ಪು ಕಲಾವಿದೆ. ಅಗೆಯುವ ಕೆಲಸಕ್ಕೆ ಓಣಿಯ ಶಾಲೆಯ ಮಕ್ಕಳು ಬಂದರು, ನಗರದ ಆಯೋಗದ ಮುಂದೆ ನಿಂತು ಅವರೇ ಮಾತಾಡಿದರು; ೧೯೭೦ರಲ್ಲಿ ಮನೆಗಳಿಗೆ ಮಾನ್ಯತೆ ಸಿಕ್ಕಿತು. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಪ್ರದೇಶವನ್ನು ೧೯೬೬ರಲ್ಲಿ ಬಿಳಿಯರಿಗೆ ಮಾತ್ರ ಎಂದು ಸಾರಿ ೬೦,೦೦೦ ಜನರನ್ನು ಎಬ್ಬಿಸಿದರು. ಅಲ್ಲಿ ೧೯೯೪ರಲ್ಲಿ ತೆರೆದ ಸಂಗ್ರಹಾಲಯದ ನೆಲದ ಮೇಲೆ ಓಣಿಗಳ ನಕ್ಷೆ ಇದೆ. ಎಬ್ಬಿಸಲ್ಪಟ್ಟವರು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದಿದ್ದಾರೆ. ಅದು ಹಾಜರಿ ಪುಸ್ತಕವೇ ಫಲಕವಾದ ಜಾಗ.

ನಮ್ಮ ನೆರೆಯಲ್ಲೂ ಉದಾಹರಣೆ ಇದೆ. ೧೯೫೬ರ ನಾಗಪುರದ ದೀಕ್ಷಾ ಸಮಾರಂಭವನ್ನು ಸಂಘಟಿಸಿದವರಲ್ಲಿ ಮುಖ್ಯರಾದ ವಾಮನರಾವ್ ಗೋಡಬೋಲೆ ನಾಗಪುರದ ಹತ್ತಿರದ ಚಿಚೋಲಿಯಲ್ಲಿ ಶಾಂತಿವನ ಕಟ್ಟಿದರು. ಬಾಬಾಸಾಹೇಬರ ಬಟ್ಟೆ, ಟೈಪ್‌ರೈಟರ್ ಮೊದಲಾದವು ಅಲ್ಲಿವೆ. ದೊಡ್ಡ ಸಂಸ್ಥೆಗಳು ಬರಲೆಂದು ಕಾಯದೆ ಅನುಯಾಯಿಗಳೇ ಜೋಪಾನ ಮಾಡಿದ ವಸ್ತುಗಳು ಅವು.

೮

ಹಾಗಾದರೆ ಏನು ಮಾಡಬೇಕು? ಕರ್ನಾಟಕದಲ್ಲಿ ಒಂದು ಸಂಘ ನೋಂದಣಿ ಮಾಡಲು ಏಳು ಜನ ಸಾಕು. ನಮ್ಮದೇ ಪಟ್ಟಿ ಮಾಡಲು ಅದೂ ಬೇಕಿಲ್ಲ, ಒಂದು ನೋಟುಬುಕ್ಕು, ಊರಿನ ಹಿರಿಯರ ಜೊತೆ ಕೂಡುವ ಪುರುಸೊತ್ತು ಸಾಕು. ಇನ್ನು ಈಗಾಗಲೇ ಇರುವ ಸಂಘಗಳು ಆಡಳಿತ ಮಂಡಳಿಯ ಪಟ್ಟಿಯನ್ನು ವರ್ಷಾ ನೋಂದಣಾಧಿಕಾರಿಗಳಿಗೆ ಕೊಡಬೇಕು. ೨೦೦೫ರ ಮಾಹಿತಿ ಹಕ್ಕಿನ ಕಾಯ್ದೆಯಡಿ ಅದನ್ನು ಆ ಕಚೇರಿಯಲ್ಲಿ ಕೇಳಬಹುದು. ಸರ್ಕಾರದ ಹಣ ಪಡೆದ ಕಾಮಗಾರಿಯ ಲೆಕ್ಕವನ್ನೂ ಇಲಾಖೆಗೆ ಕೇಳಬಹುದು. ವಿದ್ಯಾರ್ಥಿ ಗೆಳೆಯರು ತಮ್ಮ ಜಿಲ್ಲೆಯ ಒಂದೊಂದು ಸಂಸ್ಥೆ ಹಿಡಿದು ನಾಲ್ಕು ವಿಷಯ ಬರೆದಿಡಲಿ: ಮಂಡಳಿಯಲ್ಲಿ ಯಾರು, ಪಗಾರದ ಮೇಲೆ ಯಾರು, ಕೂಲಿಯ ಮೇಲೆ ಯಾರು, ಮತ್ತು ಆ ಸಂಸ್ಥೆ ಉಳಿಸಿದ್ದು ಏನನ್ನು. ನಾಲ್ಕನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿದರೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ.

ಸಂಸ್ಥೆಗಳಲ್ಲಿ ಒಳ್ಳೆಯ ಮನಸ್ಸಿನವರೂ ಇದ್ದಾರೆ, ಅವರಿಗೆ ಕೇಳಬೇಕಾದ್ದು ದೊಡ್ಡದೇನಲ್ಲ. ಗೌರವ ಹುದ್ದೆಗೆ ಬದುಕುವಷ್ಟು ಗೌರವಧನ ಕೊಡಿರಿ, ಇಲ್ಲದವರೂ ಬರುತ್ತಾರೆ. ಸಲಹಾ ಸಮಿತಿಗೆ ಗೌಂಡಿಯನ್ನು ಕರೆಯಿರಿ, ಆ ದಿನದ ಕೂಲಿ ಕೊಟ್ಟು ಕರೆಯಿರಿ. ಪಟ್ಟಿಯ ನಮೂನೆಯಲ್ಲಿ ‘ಕಟ್ಟಿದವರು’ ಎಂಬ ಕಾಲಂ ಸೇರಿಸಿರಿ. ಮುಂದಿನ ಸಲ ಫಲಕ ಹಾಕುವಾಗ ಹಾಜರಿ ಪುಸ್ತಕವನ್ನು ರದ್ದಿಗೆ ಹಾಕುವ ಮೊದಲು ಅದನ್ನೊಮ್ಮೆ ತೆರೆಯಿರಿ. ಯರಗುಪ್ಪಿಯಿಂದ ಬಂದು ಬಿಸಿಲಲ್ಲಿ ಗಚ್ಚು ಅರೆದವಳ ಹೆಸರು ಅದರಲ್ಲಿ ಇರುತ್ತದೆ. ಅದನ್ನು ಕಲ್ಲಿನಲ್ಲಿ ಬರೆಯಲು ಹೆಚ್ಚಿಗೆ ಏನೂ ಖರ್ಚಾಗುವುದಿಲ್ಲ.